ದಪ್ಪ ಅಕ್ಷರದ ಸಾಲು

ಕಳ್ಳಂಬೆಳ್ಳ
4 ಫೆಬ್ರವರಿ 2025

ರಿಪೋರ್ಟಿಗೆ ಸಹಿ ಹಾಕಿದ ಟೆಕ್ನೀಷಿಯನ್ ಅವರಿಗೆ,
ರಕ್ತಪರೀಕ್ಷೆಯ ಲ್ಯಾಬು, ಮಧುಗಿರಿ

ಮಾನ್ಯರೇ,

ನಾನು ಚಂದ್ರಶೇಖರಯ್ಯ, ನಿವೃತ್ತ ಕನ್ನಡ ಪಂಡಿತ, ವಯಸ್ಸು ಎಪ್ಪತ್ತೆರಡು. ನನ್ನ ಸೊಸೆ ಲೋಹಿತಾಳ ರಕ್ತವನ್ನು ಕಳೆದ ತಿಂಗಳು ಹದಿನೆಂಟರಂದು ನಿಮ್ಮಲ್ಲಿ ಪರೀಕ್ಷೆ ಮಾಡಿಸಿದೆವು. ಅವಳಿಗೆ ಎರಡು ಸಲ ಗರ್ಭ ನಿಂತು, ಎರಡು ಸಲವೂ ಮೂರನೇ ತಿಂಗಳಿಗೆ ಇಳಿದುಹೋಯಿತು. ನಿಮ್ಮೂರಿನ ಲೇಡಿ ಡಾಕ್ಟರು ಒಳ್ಳೆಯವರೆಂದು ಯಾರೋ ಹೇಳಿದ್ದರಿಂದ ನನ್ನ ಮಗ ಬಸವೇಶ ಅಲ್ಲಿಗೆ ಕರೆದೊಯ್ದಿದ್ದ. ಪರೀಕ್ಷೆ ಬರೆದುಕೊಟ್ಟವರು ಅವರೇ.

ರಿಪೋರ್ಟು ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಅದರಲ್ಲಿ ‘ಸಿಎಂವಿ ಐಜಿಜಿ’ ಎಂಬ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ ಕಪ್ಪಗೆ ಅಚ್ಚಾಗಿದೆ. ಮಿತಿ ಒಂದು, ಇವಳದು ಹದಿನಾಲ್ಕು, ಪಕ್ಕದಲ್ಲಿ ಪಾಸಿಟಿವ್. ನನ್ನ ಪ್ರಶ್ನೆ ಇಷ್ಟೇ. ಈ ಹದಿನಾಲ್ಕು ಒಂದಕ್ಕೆ ಇಳಿಯಲು ಎಷ್ಟು ದಿನ ಬೇಕು? ಔಷಧಿ ಯಾವುದು? ಪಥ್ಯವೇನಾದರೂ ಇದೆಯೇ?

ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಪೇಶೆಂಟನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಇಟ್ಟುಬಿಟ್ಟರು. ಪೇಶೆಂಟು ಸದ್ಯ ಕೊರಟಗೆರೆಯಲ್ಲಿ ತಾಯಿಯ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದಾಳೆ. ಸ್ಟಾಂಪು ಹಚ್ಚಿದ ಕವರು ಇಟ್ಟಿದ್ದೇನೆ. ಉತ್ತರ ಬರವಣಿಗೆಯಲ್ಲೇ ಬೇಕು, ಮೊಹರು ಇರಲಿ.

ಚಂದ್ರಶೇಖರಯ್ಯ


ಮಧುಗಿರಿ
11 ಫೆಬ್ರವರಿ 2025

ಮಾನ್ಯ ಚಂದ್ರಶೇಖರಯ್ಯನವರಿಗೆ ನಮಸ್ಕಾರ.

ಸಹಿ ಹಾಕಿದವಳು ನಾನು, ಸಂಘಮಿತ್ರಾ. ಮೊಹರು ಮಾಲೀಕರ ಮೇಜಿನಲ್ಲಿರುತ್ತದೆ, ನನಗೆ ಕೊಡುವುದಿಲ್ಲ. ರಿಪೋರ್ಟಿನ ಅರ್ಥ ಹೇಳುವುದು ನನ್ನ ಕೆಲಸವೂ ಅಲ್ಲ. ಅದು ಡಾಕ್ಟರ ಕೆಲಸ. ಆದರೆ ನಮ್ಮಪ್ಪ ಅಂಚೆಯಲ್ಲಿದ್ದವರು. ಬಂದ ಕಾಗದಕ್ಕೆ ಉತ್ತರ ಬರೆಯದಿದ್ದರೆ ಅವತ್ತು ಮನೆಯಲ್ಲಿ ಊಟ ಸಿಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸೊಸೆಯ ಆ ಅಂಕಿ ಒಂದಕ್ಕೆ ಇಳಿಯುವುದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಸಿಎಂವಿ ಒಂದು ಬಹಳ ಸಾಮಾನ್ಯವಾದ ವೈರಸ್ಸು. ಚಿಕ್ಕಂದಿನಲ್ಲಿ ಮಕ್ಕಳ ಎಂಜಲಿನಿಂದ, ಮುತ್ತಿನಿಂದ ಬರುತ್ತದೆ. ಎರಡು ದಿನ ಮೈ ಬೆಚ್ಚಗಾಗಬಹುದು, ಏನೂ ಆಗದೆಯೂ ಹೋಗಬಹುದು. ಅದು ಹೊಕ್ಕಾಗ ಮೈ ತನ್ನ ರಕ್ಷಣೆಗೆ ಪ್ರತಿಕಾಯಗಳನ್ನು ಮಾಡಿಕೊಳ್ಳುತ್ತದೆ. ಮೊದಲು ಬರುವುದು ಐಜಿಎಂ, ಕೆಲವು ವಾರ ಅಥವಾ ತಿಂಗಳು ಇದ್ದು ಹೋಗುತ್ತದೆ. ಹಿಂದಿನಿಂದ ಬರುವುದು ಐಜಿಜಿ, ಅದು ಸಾಯುವತನಕ ಇರುತ್ತದೆ. ಲೋಹಿತಾ ಅವರ ಐಜಿಎಂ ನೆಗೆಟಿವ್. ನಿಮ್ಮ ರಿಪೋರ್ಟಿನಲ್ಲಿ ಮೇಲಿನ ಸಾಲು ನೋಡಿ, ತೆಳ್ಳಗೆ ಅಚ್ಚಾಗಿರುವುದರಿಂದ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಅಂದರೆ ವೈರಸ್ಸು ಯಾವತ್ತೋ ಬಂದಿತ್ತು, ಮೈ ಅದನ್ನು ಅಡಗಿಸಿತು, ಇವತ್ತಿಗೂ ಕಾವಲು ಬಿಟ್ಟಿಲ್ಲ.

ನಿಮ್ಮ ವಯಸ್ಸಿನವರ ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುಂಡು ಕಲೆ ಇರುತ್ತದೆ. ಅದನ್ನು ನೋಡಿ ನಿಮಗೆ ಸಿಡುಬು ಇದೆ ಎಂದು ಯಾರೂ ಹೇಳುವುದಿಲ್ಲವಲ್ಲ. ಇದೂ ಹಾಗೆಯೇ.

ಗರ್ಭ ಯಾಕೆ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ರಿಪೋರ್ಟನ್ನು ಡಾಕ್ಟರಿಗೆ ತೋರಿಸಿದಿರಾ? ಅವರೇನೆಂದರು?

ಸಂಘಮಿತ್ರಾ


ಕಳ್ಳಂಬೆಳ್ಳ
20 ಫೆಬ್ರವರಿ 2025

ಮಾನ್ಯರೇ,

ಉತ್ತರ ಬಂತು. ಮೊಹರಿಲ್ಲ. ಇರಲಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು, ಸುತ್ತಿ ಬಳಸಿ ಹೇಳಿದ ಉತ್ತರ ಯಾವುದು ಎಂದು ಗೊತ್ತಾಗುತ್ತದೆ. ಕಾಯಿಲೆ ಇಲ್ಲವೆಂದಾದರೆ ಪಾಸಿಟಿವ್ ಎಂದು ಯಾಕೆ ಬರೆದಿರಿ? ಬರೆದರೂ ದಪ್ಪಗೆ ಯಾಕೆ ಬರೆದಿರಿ? ಸಕ್ಕರೆ ಜಾಸ್ತಿ ಇದ್ದರೆ ದಪ್ಪಗೆ ಬರೆಯುತ್ತೀರಿ, ಅದು ಕಾಯಿಲೆ. ರಕ್ತ ಕಡಿಮೆ ಇದ್ದರೆ ದಪ್ಪಗೆ ಬರೆಯುತ್ತೀರಿ, ಅದೂ ಕಾಯಿಲೆ. ಇದೊಂದು ಮಾತ್ರ ಕಾವಲು ಹೇಗಾಯಿತು?

ಇನ್ನೊಂದು ಮಾತು. ಯಾವತ್ತೋ ಬಂದು ಹೋಗಿದೆ ಎನ್ನುತ್ತೀರಿ. ನಾನು ಅವಳ ತಾಯಿ ಚನ್ನಮಲ್ಲಮ್ಮನವರನ್ನು ಫೋನಿನಲ್ಲಿ ಕೇಳಿದೆ. ಮಗಳಿಗೆ ಅಂಥ ಜ್ವರ ಯಾವತ್ತೂ ಬಂದಿಲ್ಲ ಎಂದರು. ಒಂದೋ ಅವರು ಮುಚ್ಚಿಡುತ್ತಿದ್ದಾರೆ, ಇಲ್ಲವೇ ನಿಮ್ಮ ಮಾತು ತಪ್ಪು. ನಮ್ಮ ಮನೆಯಲ್ಲಂತೂ ಯಾರಿಗೂ ಇದಿಲ್ಲ. ನನ್ನ ಹೆಂಡತಿ ಜಗದಾಂಬ ನಾಲ್ಕು ಹೆತ್ತವಳು, ಒಂದೂ ಕಳೆದುಕೊಂಡಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ತಿಳಿದಿರಲಿ ಎಂದು ಕೇಳುತ್ತೇನೆ. ಸಂಘಮಿತ್ರಾ ಎಂಬ ಹೆಸರು ನಮ್ಮ ಕಡೆ ಕಡಿಮೆ. ನಿಮ್ಮದು ಯಾವ ಊರು, ಯಾರ ಪೈಕಿ?

ಚಂದ್ರಶೇಖರಯ್ಯ


ಮಧುಗಿರಿ
1 ಮಾರ್ಚ್ 2025

ಮೇಷ್ಟ್ರಿಗೆ ನಮಸ್ಕಾರ.

ಕಡೆಯ ಪ್ರಶ್ನೆಗೆ ಮೊದಲು ಉತ್ತರ. ಊರು ಮಿಡಿಗೇಶಿ. ಓಬಳಯ್ಯನವರ ಮಗಳು. ಅಪ್ಪ ಸೈಕಲ್ಲಿನಲ್ಲಿ ಹನ್ನೊಂದು ಹಳ್ಳಿಗೆ ಅಂಚೆ ಹಂಚುತ್ತಿದ್ದರು, ಕೆಲವು ಮನೆಗಳಲ್ಲಿ ಕಾಗದವನ್ನು ಜಗಲಿಯ ತುದಿಯಲ್ಲಿಟ್ಟು ದೂರ ನಿಲ್ಲುತ್ತಿದ್ದರು. ಯಾರ ಪೈಕಿ ಎಂದು ಇಷ್ಟರಲ್ಲಿ ಗೊತ್ತಾಗಿರಬೇಕು. ರಕ್ತ ತೆಗೆಯುವಾಗ ನನ್ನನ್ನು ಯಾರೂ ಇದನ್ನು ಕೇಳುವುದಿಲ್ಲ ಮೇಷ್ಟ್ರೇ. ರಿಪೋರ್ಟು ಹಿಡಿಸದೆ ಹೋದಾಗ ಕೇಳುತ್ತಾರೆ.

ದಪ್ಪ ಅಕ್ಷರದ ವಿಷಯ. ಕಂಪ್ಯೂಟರಿಗೆ ಕಾಯಿಲೆ ಗೊತ್ತಿಲ್ಲ, ಮಿತಿ ಗೊತ್ತು. ಮಿತಿ ದಾಟಿದ್ದನ್ನೆಲ್ಲ ಅದು ದಪ್ಪಗೆ ಒತ್ತುತ್ತದೆ. ಇದರ ಕೆಳಗೆ ಕನ್ನಡದಲ್ಲಿ ಎರಡು ಸಾಲು ವಿವರಣೆ ಹಾಕೋಣ ಎಂದು ಮಾಲೀಕರನ್ನು ಹೋದ ವರ್ಷವೇ ಕೇಳಿದ್ದೆ. ಹಾಳೆ ಎರಡನೇ ಪುಟಕ್ಕೆ ಹೋಗುತ್ತದೆ ಎಂದರು.

ಚನ್ನಮಲ್ಲಮ್ಮನವರು ಮುಚ್ಚಿಡುತ್ತಿಲ್ಲ. ಬಹಳ ಜನಕ್ಕೆ ಇದು ಬಂದದ್ದೇ ತಿಳಿಯುವುದಿಲ್ಲ. ಹೋದ ವರ್ಷ ಕಿಟ್ಟಿನಲ್ಲಿ ಒಂದು ಪರೀಕ್ಷೆ ಉಳಿದಿತ್ತು, ಸುಮ್ಮನೆ ನನ್ನ ರಕ್ತವನ್ನೇ ಹಾಕಿ ನೋಡಿದೆ. ಪಾಸಿಟಿವ್. ನನಗೆ ಯಾವ ಜ್ವರವೂ ನೆನಪಿಲ್ಲ. ನಮ್ಮಲ್ಲಿ ಈ ಪರೀಕ್ಷೆಗೆ ಬರುವ ಹೆಂಗಸರಲ್ಲಿ ಹೆಚ್ಚಿನವರದು ಪಾಸಿಟಿವ್ವೇ. ಮಕ್ಕಳು ಹೆತ್ತವರದೂ, ಹೆರದವರದೂ.

ನಿಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಎಂದಿರಿ. ಯಾರು ಪರೀಕ್ಷೆ ಮಾಡಿದರು?

ಡಾಕ್ಟರು ಏನೆಂದರು ಎಂದು ಕೇಳಿದ್ದೆ. ಅದಕ್ಕೆ ನೀವು ಉತ್ತರ ಬರೆಯಲಿಲ್ಲ. ಲೋಹಿತಾ ಅವರ ವಿಶ್ರಾಂತಿ ಮುಗಿಯಿತೇ? ವಾಪಸು ಬಂದರೇ?

ದಿನಕ್ಕೆ ಅರವತ್ತು ಜನರ ರಕ್ತ ತೆಗೆದು ಕೈ ಜೋಮು ಹಿಡಿದಿದೆ. ಅಕ್ಷರ ಸೊಟ್ಟಗಾಗಿದ್ದರೆ ತಿದ್ದಿಕೊಳ್ಳಿ.

ಸಂಘಮಿತ್ರಾ


ಪಾವಗಡ
9 ಏಪ್ರಿಲ್ 2025

ಮೇಷ್ಟ್ರಿಗೆ ನಮಸ್ಕಾರ.

ವಿಳಾಸ ಬದಲಾಗಿರುವುದನ್ನು ನೋಡಿ. ಇಲ್ಲಿಯ ಬ್ರಾಂಚಿಗೆ ನನ್ನನ್ನು ಹಾಕಿದ್ದಾರೆ. ಮಾರ್ಚಿನಲ್ಲಿ ನೀವು ಬರೆದ ಕಾಗದ ಮಾಲೀಕರ ಕೈಗೆ ಸಿಕ್ಕಿತಂತೆ. ಒಡೆದು ಓದಿದರು, ನನಗೆ ಕೊಡಲಿಲ್ಲ. ಪೇಶೆಂಟಿನವರಿಗೆ ಕಾಗದ ಬರೆದು ಡಾಕ್ಟರಿಕೆ ಮಾಡಲು ನೀನು ಯಾರು ಎಂದರು. ಅದರಲ್ಲಿ ತಪ್ಪಿಲ್ಲ. ಈಗ ಮಿಡಿಗೇಶಿಯಿಂದ ದಿನಾ ಓಡಾಡಲು ಆಗುವುದಿಲ್ಲ, ಇಲ್ಲೇ ಒಂದು ರೂಮು ಮಾಡಿದ್ದೇನೆ. ಅವ್ವ ವಾರಕ್ಕೊಮ್ಮೆ ಬಸ್ಸಿನಲ್ಲಿ ಹಿಟ್ಟು ಕಳಿಸುತ್ತಾಳೆ.

ಮಧುಗಿರಿಯಲ್ಲಿ ನನ್ನ ಕಡೆಯ ವಾರದಲ್ಲಿ, ಎರಡನೇ ತಾರೀಕು, ವಯಸ್ಸಾದ ಗಂಡಹೆಂಡತಿ ಮತ್ತು ಅವರ ಮಗ ಬಂದಿದ್ದರು. ಡಾಕ್ಟರ ಚೀಟಿ ಇರಲಿಲ್ಲ. ಯಜಮಾನರು ಅರ್ಜಿಯನ್ನು ತಾವೇ ತುಂಬಿದರು. ಆ ಅಕ್ಷರ ನನಗೆ ಗುರುತಿತ್ತು. ತೋಳು ಮೇಲೆ ಸರಿಸಿದಾಗ ಸಿಡುಬಿನ ಲಸಿಕೆಯ ಕಲೆಯೂ ಕಂಡಿತು, ಎರಡಿದ್ದವು. ನೀವು ಗೋಡೆ ನೋಡುತ್ತಾ ಕೂತಿದ್ದಿರಿ. ನಾನು ಟ್ಯೂಬಿನ ಮೇಲೆ ಹೆಸರು ಬರೆದೆ. ಜಗದಾಂಬ ಅಮ್ಮನವರು ಮಾತ್ರ ಕೇಳಿದರು, “ನೋವಾಗದಂಗೆ ಚುಚ್ಚವ್ವ, ನಿನ್ ಕೈ ತಣ್ಣಗೈತೆ.” ಅವರಿಗೆ ನಾನು ಯಾರೆಂದು ನೀವು ಹೇಳಿರಲಿಲ್ಲ ಎಂದು ಕಾಣುತ್ತದೆ. ಮೂವರ ರಿಪೋರ್ಟೂ ಕವರಿಗೆ ಹಾಕಿ ಬಂದೆ. ಇಷ್ಟು ಹೊತ್ತಿಗೆ ನೋಡಿರುತ್ತೀರಿ.

ನಾನು ಮುಚ್ಚಿಟ್ಟ ಒಂದು ಮಾತಿದೆ. ನಿಮ್ಮ ಮಗನನ್ನು ಅವತ್ತು ನೋಡಿದಾಗ ಅದು ಅವರೇ ಎಂದು ಗಟ್ಟಿಯಾಯಿತು. ಜನವರಿಯಲ್ಲಿ ರಿಪೋರ್ಟು ಒಯ್ಯಲು ಬಸವೇಶ್ ಅವರು ಕೌಂಟರಿಗೆ ಬಂದಾಗ ಅಲ್ಲಿ ಕೂತಿದ್ದವಳು ನಾನೇ. ಏನು ಬಂದಿದೆ ಎಂದು ಕೇಳಿದರು. ಹಿಂದೆ ಹತ್ತು ಜನ ನಿಂತಿದ್ದರು. ಪಾಸಿಟಿವ್ ಬಂದಿದೆ, ಡಾಕ್ಟರಿಗೆ ತೋರಿಸಿ ಎಂದೆ. ಅವರ ಮುಖ ಇಳಿದುಹೋಯಿತು, ನಾನು ನೋಡಿದೆ. ಕೂರಿಸಿ ಎರಡು ನಿಮಿಷ ಹೇಳಬಹುದಿತ್ತು. ಮುಂದಿನ ಟೋಕನ್ ಕೂಗಿದೆ. ನಿಮಗೆ ಅಷ್ಟುದ್ದ ಉತ್ತರ ಬರೆದದ್ದು ಅಪ್ಪನ ನೆನಪಿಗಲ್ಲ, ಇದಕ್ಕೆ.

ಇಲ್ಲಿ ಕೌಂಟರಿನಲ್ಲಿ ಅರ್ಧ ಜನ ತೆಲುಗಿನಲ್ಲಿ ಕೇಳುತ್ತಾರೆ, ಏಮಿ ವಚ್ಚಿಂದಮ್ಮಾ ಎಂದು. ಕೇಳುವುದು ಅದನ್ನೇ, ಏನು ಬಂದಿದೆ ಎಂದು. ಈಗ ಕೂರಿಸಿ ಹೇಳುತ್ತೇನೆ. ಸಾಲು ಬೆಳೆಯುತ್ತದೆ, ಬೈಸಿಕೊಳ್ಳುತ್ತೇನೆ.

ಮಾರ್ಚಿನ ಕಾಗದದಲ್ಲಿ ಏನು ಬರೆದಿದ್ದಿರಿ?

ಸಂಘಮಿತ್ರಾ


ಕಳ್ಳಂಬೆಳ್ಳ
20 ಏಪ್ರಿಲ್ 2025

ಅಮ್ಮಾ ಸಂಘಮಿತ್ರಾ,

ನನ್ನಿಂದ ನಿನ್ನ ಕೆಲಸಕ್ಕೆ ತೊಂದರೆಯಾಯಿತು. ಮೊದಲು ಅದಕ್ಕೆ ಕ್ಷಮಿಸಬೇಕು. ಯಾರ ಪೈಕಿ ಎಂದು ಕೇಳಿದ್ದಕ್ಕೂ. ಅದಕ್ಕೆ ನಿನ್ನ ಉತ್ತರ ಬಂದ ದಿನ ನಾನು ಅದನ್ನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ಮಾರ್ಚಿನ ಕಾಗದದಲ್ಲಿ ಬರೆದದ್ದು ಇಷ್ಟು. ಲೋಹಿತಾ ವಿಶ್ರಾಂತಿಗೆ ಹೋದವಳಲ್ಲ. ನಾವು ಕಳಿಸಿದೆವು. ರಕ್ತ ಶುದ್ಧವಾದ ರಿಪೋರ್ಟು ತಂದರೆ ಬಾ ಎಂದು ಹೇಳಿ ಕಳಿಸಿದೆವು. ಅದು ಈ ಜನ್ಮದಲ್ಲಿ ಬರುವ ರಿಪೋರ್ಟಲ್ಲ ಎಂದು ನೀನು ಬರೆದಿದ್ದೆ, ನಾನು ನಂಬಿರಲಿಲ್ಲ. ಡಾಕ್ಟರಿಗೆ ನಾವು ತೋರಿಸಲೇ ಇಲ್ಲ. ಬಸವೇಶ ನೇರವಾಗಿ ಮನೆಗೆ ತಂದು ನನ್ನ ಕೈಗೆ ಕೊಟ್ಟ. ನಾನಿರುವಾಗ ಇನ್ನು ಡಾಕ್ಟರು ಯಾಕೆ?

ನಿನಗೆ ಗೊತ್ತಿಲ್ಲ, ನಮ್ಮೂರಿನಲ್ಲಿ ಯಾರ ರಿಪೋರ್ಟು ಬಂದರೂ ನನ್ನ ಜಗಲಿಗೆ ಬರುತ್ತದೆ. ಹತ್ತು ವರ್ಷದಿಂದ ಓದಿ ಹೇಳುತ್ತಿದ್ದೇನೆ. ದಪ್ಪ ಅಕ್ಷರ ಇದ್ದರೆ ತಾಪತ್ರಯ, ಇಲ್ಲದಿದ್ದರೆ ಚಿಂತೆಯಿಲ್ಲ. ನಾನು ಕಲಿತಿದ್ದ ವೈದ್ಯ ಅಷ್ಟೇ, ಅಷ್ಟಕ್ಕೇ ಊರಿನವರು ಕೈ ಮುಗಿಯುತ್ತಿದ್ದರು. ಸೊಸೆಯ ರಿಪೋರ್ಟನ್ನೂ ಅಲ್ಲೇ ಓದಿದೆ. ನಮ್ಮ ಅಣ್ಣತಮ್ಮಂದಿರು ಕೂತಿದ್ದರು, ಅವಳು ಬಾಗಿಲ ಹತ್ತಿರ ನಿಂತಿದ್ದಳು. ಇವಳ ರಕ್ತದಲ್ಲೇ ದೋಷ ಇದೆ ಎಂದು ಪಾಠ ಓದಿದ ಹಾಗೆ ಗಟ್ಟಿಯಾಗಿ ಹೇಳಿದೆ. ನೀನು ಕೌಂಟರಿನಲ್ಲಿ ಒಂದು ಪದ ಹೇಳಿದೆ, ಅದೂ ಡಾಕ್ಟರಿಗೆ ತೋರಿಸಿ ಎಂದು ಸೇರಿಸಿ ಹೇಳಿದೆ. ನಿನ್ನ ತಪ್ಪು ದೊಡ್ಡದಲ್ಲ ತಾಯಿ, ಅದನ್ನು ಬಿಡು.

ಯಾರು ಪರೀಕ್ಷೆ ಮಾಡಿದರು ಎಂದು ನೀನು ಕೇಳಿದ್ದು ನನಗೆ ಚುಚ್ಚಿತು. ನಿನ್ನನ್ನು ಸುಳ್ಳುಗಾರ್ತಿ ಮಾಡಬೇಕೆಂದೇ ಮನೆಯವರಿಬ್ಬರನ್ನೂ ಹೊರಡಿಸಿಕೊಂಡು ಬಂದೆ. ನಿಜ ಹೇಳುತ್ತಿದ್ದೇನೆ. ನನ್ನದು ಹತ್ತೊಂಬತ್ತು. ಜಗದಾಂಬಳದು ಇಪ್ಪತ್ತೆರಡು. ಬಸವೇಶನದು ಹನ್ನೊಂದು. ಮೂರೂ ದಪ್ಪ ಅಕ್ಷರ. ಜಗದಾಂಬ ನಂಬಲಿಲ್ಲ. “ಯಾರ್ದೋ ರಕ್ತ ಅದ್ಲುಬದ್ಲು ಆಗೈತೆ ಬುಡಿ” ಎಂದಳು. ಬಸವೇಶ ಶಿರಾದಲ್ಲಿರುವ ತನ್ನ ಮೋಟಾರ್ ರಿಪೇರಿ ಅಂಗಡಿಗೆ ಹೋದವನು ಎರಡು ದಿನ ಬರಲಿಲ್ಲ.

ಇನ್ನೂ ಒಂದಿದೆ. ಮದಲೂರಿನ ಪರ್ವತಯ್ಯ ಎಂಬ ನೆಂಟರು ತಮ್ಮ ಅಣ್ಣನ ಮಗಳ ಜಾತಕ ಕಳಿಸಿದ್ದರು, ಬಸವೇಶನಿಗೆಂದು. ನಾನು ಅದನ್ನು ಹೂಂ ಎಂದು ಇಟ್ಟುಕೊಂಡಿದ್ದೆ. ಮೊನ್ನೆ ವಾಪಸು ಕೊಟ್ಟು ಬಂದೆ. ಯಾಕೆ ಎಂದು ಕೇಳಿದರು, ಬಸ್ಸಿಗೆ ಹೊತ್ತಾಯಿತು ಎಂದೆ.

ಲೋಹಿತಾಳನ್ನು ಕರೆತರಲು ಕೊರಟಗೆರೆಗೆ ಹೋಗಬೇಕೆಂದಿದ್ದೇನೆ. ಹೇಗೆ ಮಾತು ತೆಗೆಯಲಿ? ಮಕ್ಕಳಿಗೆ ಭಾಷಣ ಬರೆದುಕೊಟ್ಟವನಿಗೆ ನಾಲ್ಕು ಮಾತು ತೋಚುತ್ತಿಲ್ಲ.

ಚಂದ್ರಶೇಖರಯ್ಯ


ಪಾವಗಡ
27 ಏಪ್ರಿಲ್ 2025

ಮೇಷ್ಟ್ರೇ,

ಕಾಗದವನ್ನು ಮಧ್ಯಾಹ್ನ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಬಹಳ ಬಂತು. ಬಾಗಿಲ ಹತ್ತಿರ ನಿಂತಿದ್ದಳು ಎಂದು ನೀವು ಬರೆದ ಕಡೆ ಕಾಗದ ಮಡಿಸಿ ಇಟ್ಟುಬಿಟ್ಟೆ. ಆಮೇಲೆ ಸಂಜೆ ಉಳಿದದ್ದನ್ನು ಓದಿದೆ. ಇಷ್ಟಾದರೂ ಬರೆದಿರಲ್ಲ ಎನ್ನಿಸಿತು.

ತಡ ಮಾಡಬೇಡಿ, ಹೋಗಿ. ನಿಮ್ಮ ಮೂವರ ರಿಪೋರ್ಟನ್ನೂ ತೆಗೆದುಕೊಂಡು ಹೋಗಿ. ಮಾತು ತೋಚದಿದ್ದರೆ ಅವನ್ನು ಅವರ ಮುಂದಿಡಿ. ಅವರ ಮೈಯಲ್ಲಿರುವುದೇ ನಿಮ್ಮೆಲ್ಲರ ಮೈಯಲ್ಲೂ ಇದೆ ಎಂದು ಕಣ್ಣಾರೆ ನೋಡಿದರೆ ಮನಸ್ಸು ಹಗುರಾಗುತ್ತದೆ. ನಾನಾಗಿದ್ದರೆ ನನಗೆ ಹಗುರಾಗುತ್ತಿತ್ತು. ಬಸವೇಶ್ ಅವರನ್ನೂ ಕರೆದುಕೊಂಡು ಹೋಗಿ.

ಮತ್ತೆ ಡಾಕ್ಟರಿಗೆ ತೋರಿಸುವುದನ್ನು ಮರೆಯಬೇಡಿ. ಎರಡು ಗರ್ಭ ಹೋದದ್ದಕ್ಕೆ ಬೇರೆ ಕಾರಣ ಇರಬಹುದು, ಹುಡುಕಬೇಕು. ಕೆಲವು ಸಲ ಕಾರಣ ಸಿಗುವುದೇ ಇಲ್ಲ. ಸಿಗದಿದ್ದರೆ ಅದನ್ನು ಯಾರ ತಲೆಗೂ ಕಟ್ಟಬೇಡಿ.

ಹೋಗಿ ಬಂದು ಬರೆಯಿರಿ. ಕಾಯುತ್ತಿರುತ್ತೇನೆ.

ಸಂಘಮಿತ್ರಾ


ಕಳ್ಳಂಬೆಳ್ಳ
11 ಮೇ 2025

ಅಮ್ಮಾ ಸಂಘಮಿತ್ರಾ,

ಹೋಗಿ ಬಂದೆ. ಒಬ್ಬನೇ ಹೋದೆ. ಬಸವೇಶ ಬರುತ್ತೇನೆ ಎಂದವನು ಬೆಳಿಗ್ಗೆ ಎದ್ದು, ನೀವೇ ಹೋಗಿ ಬನ್ನಿ ಅಪ್ಪ ಎಂದ. ಅವನ ಮೇಲೆ ರೇಗಲಿಲ್ಲ. ನನಗೆ ಆ ಹಕ್ಕಿಲ್ಲ.

ಕೊರಟಗೆರೆಯಲ್ಲಿ ಅವರ ಮನೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದೆ. ಲೋಹಿತಾ ಮುಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ನೀರು ಕೊಟ್ಟಳು, ಮತ್ತೆ ಹೋಗಿ ಕೂತಳು. ಸೊರಗಿದ್ದಾಳೆ ಎಂದು ಬರೆಯೋಣವೆಂದರೆ ಸೊರಗಿಲ್ಲ. ಗೋಡೆಯ ಮೊಳೆಗೆ ಹೊಲಿಯಬೇಕಾದ ಬಟ್ಟೆಯ ಚೀಲಗಳು ತುಂಬಾ ನೇತಾಡುತ್ತಿದ್ದವು.

 ನೀನು ಹೇಳಿದಂತೆ ಮೂರು ರಿಪೋರ್ಟನ್ನೂ ಅವಳ ಮಿಷನ್ನಿನ ಹಲಗೆಯ ಮೇಲಿಟ್ಟೆ. ಅವಳು ಒಂದೊಂದನ್ನೇ ಬೆರಳಿಟ್ಟು ಓದಿದಳು. ಹೆಸರು ಓದಿದಳು, ಅಂಕಿ ಓದಿದಳು. ನೀನು ಬರೆದದ್ದನ್ನೆಲ್ಲ ನಾನು ಹೇಳಿದೆ. ಐಜಿಎಂ, ಐಜಿಜಿ, ಲಸಿಕೆಯ ಕಲೆ, ಎಲ್ಲ. ನಮ್ಮದೇ ತಪ್ಪು, ನನ್ನದೇ ತಪ್ಪು, ಮನೆಗೆ ಬಾರಮ್ಮ ಎಂದೆ. ಅವಳು ಹಾಳೆಗಳನ್ನು ಮಡಿಸಿ ನನ್ನ ಕಡೆ ಸರಿಸಿದಳು. ಆಮೇಲೆ ಮೆತ್ತಗೆ ಕೇಳಿದಳು.

“ಮಾವ, ನಿಮ್ಮ ಮೂರೂ ಜನದ ರಕ್ತದಲ್ಲೂ ಐತೆ ಅಂತ ಗೊತ್ತಾದ್ಮೇಲೆ ಬಂದಿದೀರ. ನಿಮ್ಮದು ಇಲ್ಲ ಅಂತ ಬಂದಿದ್ರೆ ಬರ್ತಿದ್ರಾ?”

ನೀನು ಕೊಟ್ಟ ಸಲಹೆ ಕೆಟ್ಟದ್ದಲ್ಲ ತಾಯಿ. ಅದನ್ನು ಓದಿದಾಗ ನನಗೂ ಸರಿ ಎಂದೇ ಕಂಡಿತ್ತು. ಅವಳು ಆ ಹಾಳೆಯಲ್ಲಿ ನಾವಿಬ್ಬರೂ ನೋಡದೆ ಇದ್ದದ್ದನ್ನು ನೋಡಿದಳು. ಫೆಬ್ರವರಿಯಲ್ಲೇ ನೀನು ಎಲ್ಲವನ್ನೂ ಬಿಡಿಸಿ ಬರೆದಿದ್ದೆ. ಅವತ್ತೇ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ನನ್ನ ಹೆಸರಿನ ಪಕ್ಕದಲ್ಲಿ ದಪ್ಪಗೆ ಅಚ್ಚಾಗುವತನಕ ನಾನು ನಂಬಲಿಲ್ಲ.

ಚನ್ನಮಲ್ಲಮ್ಮನವರು ಒಳಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬರುತ್ತಿದ್ದೆ ಎಂದು ಹೇಳಿದ್ದರೆ ಅವರಾದರೂ ನಂಬುತ್ತಿದ್ದರೋ ಏನೋ. ನಾನು ಹೇಳಿದೆ, “ಇಲ್ಲ ಕಣಮ್ಮ. ಬರ್ತಿರ್ಲಿಲ್ಲ.”

ಅವಳು ಅರ್ಧ ಆಗಿದ್ದ ತೋಳಿನ ಹೊಲಿಗೆ ಮುಗಿಸಿದಳು, ದಾರ ಕತ್ತರಿಸಿದಳು. ಆಮೇಲೆ ಎದ್ದು ಹೇಳಿದಳು, “ಇದೊಂದು ನಿಜ ಹೇಳಿದ್ರಿ. ಕೈ ತೊಳ್ಕಳಿ ಮಾವ, ಊಟ ಮಾಡ್ಕಂಡು ಹೋಗಿ.”

ಮುದ್ದೆ, ಬಸ್ಸಾರು ಬಡಿಸಿದಳು. ಎರಡನೇ ಸಲ ಸಾರು ಹಾಕುವಾಗ, ನಾನು ಬರಲ್ಲ, ಅವರಿಗೂ ಹೇಳಿಬಿಡಿ ಎಂದಳು. ಬಸವೇಶ ನಾಲ್ಕು ತಿಂಗಳಲ್ಲಿ ಒಂದು ಸಲವೂ ಫೋನು ಮಾಡಿಲ್ಲವಂತೆ, ಅದನ್ನು ನನಗೆ ಅವನು ಹೇಳಿರಲಿಲ್ಲ. ಫೋನಿನಲ್ಲಿ ತೆಗೆದಿಟ್ಟಿದ್ದ ರಿಪೋರ್ಟಿನ ಫೋಟೋ ಹಿಡಿದು ಡಾಕ್ಟರ ಹತ್ತಿರ ತಾಯಿಯ ಜೊತೆ ಹೋಗಿ ಬಂದಿದ್ದಾಳೆ. ಅವರೂ ನೀನು ಬರೆದದ್ದನ್ನೇ ಹೇಳಿದರಂತೆ, ಐದು ನಿಮಿಷದಲ್ಲಿ. ಅದು ಫೆಬ್ರವರಿಯಲ್ಲೇ ಆದದ್ದು. ಅವಳಿಗೆ ಎಲ್ಲವೂ ಮೊದಲೇ ಗೊತ್ತಿತ್ತು, ನಾವು ಬರುತ್ತೇವೆಯೇ ಎಂದು ಮಾತ್ರ ಗೊತ್ತಿರಲಿಲ್ಲ. ಮಾರ್ಚಿನವರೆಗೂ ಬಸ್ಸಿನ ಹೊತ್ತಿಗೆ ಬಾಗಿಲು ನೋಡುತ್ತಿದ್ದಳು ಎಂದು ಚನ್ನಮಲ್ಲಮ್ಮನವರು ಹೇಳಿದರು. ಅವಳು ಹೇಳಲಿಲ್ಲ.

ಹೊರಡುವಾಗ ಒಂದೇ ಒಂದು ಕೇಳಿದಳು. ನಮ್ಮ ಮನೆಯಲ್ಲಿ ಅವಳ ಟ್ರಂಕು ಉಳಿದಿದೆ. ಅದರಲ್ಲಿ ಸೀರೆಗಳಿವೆ, ಕತ್ತರಿಯಿದೆ, ಹೊಟ್ಟೆಯಲ್ಲಿ ಮಗು ಇದ್ದಾಗ ಎರಡು ಸಲವೂ ಹೊಲಿದಿಟ್ಟ ಚಿಕ್ಕ ಅಂಗಿಗಳಿವೆ. ಬೇರೆ ಯಾರ ಕೈಗೂ ಕೊಡದೆ ನೀವೇ ಕಟ್ಟಿ ಬಸ್ಸಿಗೆ ಹಾಕಿ ಮಾವ ಎಂದಳು. ಆಗಲಿ ಎಂದೆ.

ಇವತ್ತು ಬೆಳಿಗ್ಗೆಯಿಂದ ಅದನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಸೀರೆಗಳನ್ನು ಮಡಿಸಿ ಇಟ್ಟೆ. ಅಂಗಿಗಳನ್ನು ಇನ್ನೂ ಇಟ್ಟಿಲ್ಲ. ಎಂಟಿವೆ.

ಚಂದ್ರಶೇಖರಯ್ಯ